ಸೊನ್ನೆ ಒತ್ತಿದರೆ ಸಿಗುತ್ತಿದ್ದವರು

ಹೋದ ತಿಂಗಳು ಕನಕಪುರ ರಸ್ತೆಯ ಒಂದು ಆಫೀಸಿನ ಸರ್ವರ್ ಕೋಣೆಯಲ್ಲಿ ಕೂತು ಕೇಬಲ್ಲಿನ ತುದಿ ಒರೆಸುತ್ತಿದ್ದೆ. ಗಾಜಿನ ಎಳೆಯ ಕೇಬಲ್ಲು ಅದು. ಒಂದು ಕಣ ಧೂಳು ಕೂತರೂ ಕೆಲಸ ಕೆಡುತ್ತದೆ. ಅದಕ್ಕೆಂದೇ ಸ್ಪಿರಿಟ್ಟಿನಲ್ಲಿ ನೆನೆಸಿದ ಅಂಗೈಯಗಲದ ಬಟ್ಟೆಗಳು ಪೊಟ್ಟಣದಲ್ಲಿ ಬರುತ್ತವೆ. ಒಂದು ಪೊಟ್ಟಣ ಹರಿದೆ. ಏಸಿಯ ತಣ್ಣನೆ ಗಾಳಿಯಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಇಂಥವನ್ನು ಈ ಕೆಲಸದಲ್ಲಿ ಎಷ್ಟು ಹರಿದಿದ್ದೇನೋ. ಅವತ್ತು ಮಾತ್ರ ಯಾಕೋ ಕೈ ನಿಂತಿತು. ಜಯನಗರದ ಒಂದು ಆಸ್ಪತ್ರೆ, ಮೆಟ್ಟಿಲ ಕೆಳಗಿನ ಕೋಣೆ, ಬೆಳಗ್ಗೆ ಬಂದ ಕೂಡಲೇ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ಫೋನಿನ ರಿಸೀವರ್ ಒರೆಸುತ್ತಿದ್ದ ಆಪರೇಟರ್ ಸಾರ್...

ಏಳೆಂಟು ವರ್ಷದ ಹಿಂದಿನ ಮಾತು. ಬಿಟಿಎಂ ಲೇಔಟಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಆಗಲೂ ಇದೇ ಕೆಲಸ ಮಾಡುತ್ತಿದ್ದೆ. ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಹಳೆಯ ಫೋನ್ ಬೋರ್ಡು ತೆಗೆದು, ಎಲ್ಲ ಫೋನುಗಳನ್ನೂ ಕಂಪ್ಯೂಟರ್ ನೆಟ್‌ವರ್ಕಿಗೆ ಕಟ್ಟಿ, ಯಾವ ಕರೆ ಯಾವ ಕೋಣೆಗೆ ಹೋಗಬೇಕು ಅನ್ನುವುದನ್ನು ನಿರ್ಧರಿಸುವ ಸಾಫ್ಟ್‌ವೇರನ್ನು ಒಂದು ಸರ್ವರಿನಲ್ಲಿ ಕೂರಿಸುವುದು. ಆಮೇಲೆ ಅದನ್ನು ನೋಡಿಕೊಳ್ಳುವುದು. ಕೂರಿಸುವುದು ನಾಲ್ಕು ದಿನದ ಕೆಲಸ. ನೋಡಿಕೊಳ್ಳುವುದು ಮಾತ್ರ ಮುಗಿಯುವುದೇ ಇಲ್ಲ.

ಆ ಆಸ್ಪತ್ರೆಯಲ್ಲಿ ಮುನ್ನೂರು ಚಿಲ್ಲರೆ ಫೋನುಗಳಿದ್ದವು. ಆಡಳಿತಾಧಿಕಾರಿ ನನ್ನ ಕೈಗೆ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ಅರ್ಧ ತಪ್ಪು. ನಿವೃತ್ತರಾದ ಡಾಕ್ಟರುಗಳ ಹೆಸರು, ಒಡೆದುಹಾಕಿದ ವಾರ್ಡಿನ ನಂಬರು. ಸರಿಯಾದ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಅವರು ತಲೆಯೆತ್ತದೆ ಹೇಳಿದರು: "ಆಪರೇಟರ್‌ನ ಕೇಳಿ ಮೇಡಂ. ಎಲ್ಲಾ ಅವರ ತಲೇಲಿದೆ."

ನಿಜವಾಗಿಯೂ ಎಲ್ಲವೂ ಅವರ ತಲೆಯಲ್ಲಿತ್ತು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಹೋಗಿತ್ತಂತೆ. ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ನೆಟ್ಟಗೆ ಕೂರುವ ಅಭ್ಯಾಸ. ಇಪ್ಪತ್ತೈದು ವರ್ಷದಿಂದ ಅದೇ ಕುರ್ಚಿ. ಗಿರಿನಗರದಲ್ಲಿ ತಂಗಿಯ ಜೊತೆ ಇದ್ದರು. ಬೆಳಗ್ಗೆ ತಂಗಿ ಆಟೋ ಹತ್ತಿಸಿದರೆ, ಇಲ್ಲಿ ಗೇಟಿನ ಸೆಕ್ಯುರಿಟಿಯವನು ಇಳಿಸಿಕೊಳ್ಳುತ್ತಿದ್ದ.

ಎರಡು ದಿನ ಅವರ ಎದುರು ಕೂತು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ಬರೀ ನಂಬರಾದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ನಡುನಡುವೆ ಕರೆ ಬರುತ್ತಿದ್ದವು, ಅವರು ಎತ್ತಿ ಎರಡು ಮಾತಾಡಿ ಕೊಡಬೇಕಾದ ಕಡೆ ಕೊಟ್ಟು, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

"ಇನ್ನೂರ ಹದಿನಾಲ್ಕು, ಹೆರಿಗೆ ವಾರ್ಡು. ಐದು ಸಲ ರಿಂಗಾದ್ರೂ ಎತ್ತಲಿಲ್ಲ ಅಂದ್ರೆ ಸಿಸ್ಟರ್ ಒಳಗಿದಾರೆ ಅಂತ ಅರ್ಥ. ಕಾಯಿಸ್ಬಾರ್ದು, ಇನ್ನೂರ ಹದಿನೆಂಟಕ್ಕೆ ಕೊಡ್ಬೇಕು. ಮೂಳೆ ಡಾಕ್ಟ್ರು ಮಧ್ಯಾಹ್ನ ಎರಡರಿಂದ ಮೂರರವರೆಗೆ ಫೋನ್ ಎತ್ತಲ್ಲ, ಹೆಂಡ್ತಿ ಮಾಡಿದ್ರೆ ಮಾತ್ರ ಕೊಡಿ. ಬರ್ಕೊಂಡ್ರಾ?"

ನಾನು ನಗುತ್ತಾ ಬರೆದುಕೊಳ್ಳುತ್ತಿದ್ದೆ. ಐದು ಸಲ ರಿಂಗಾದರೆ ಮತ್ತೊಂದಕ್ಕೆ ತಿರುಗು ಅನ್ನುವುದು ಸಾಫ್ಟ್‌ವೇರಿಗೂ ಅರ್ಥವಾಗುವ ಮಾತು. ಒಂದೊಂದೇ ನಿಯಮವಾಗಿ ಒಳಗೆ ಹೋಯಿತು. ಡಾಕ್ಟರ ಹೆಂಡತಿಯ ಮೊಬೈಲ್ ನಂಬರಿಗೂ ಒಂದು ನಿಯಮ ಬರೆದೆ. ಎರಡನೆಯ ದಿನ ಸಂಜೆ ಎಲ್ಲ ಮುಗಿದಾಗ ಅವರು ಕೇಳಿದರು: "ಇಷ್ಟೆಲ್ಲಾ ಅದಕ್ಕೆ ಹೇಳ್ಕೊಟ್ಟಾದ್ಮೇಲೆ ನನಗೇನಮ್ಮಾ ಕೆಲ್ಸ?"

"ನೀವಿಲ್ದೆ ನಡೆಯುತ್ತಾ ಸಾರ್? ಏನೂ ಬದಲಾಗಲ್ಲ," ಅಂದೆ. ಎಲ್ಲ ಕಡೆಯೂ ಎಲ್ಲ ಆಪರೇಟರುಗಳಿಗೂ ಹೇಳುವ ಮಾತು ಅದು. ಅಭ್ಯಾಸದಿಂದ ಬಾಯಿಗೆ ಬಂತು.

ಮೊದಲ ತೊಡಕು ಮರುವಾರವೇ ಎದುರಾಯಿತು. ಹೊಸ ವ್ಯವಸ್ಥೆಯಲ್ಲಿ ಆಪರೇಟರಿಗೆ ಫೋನ್ ಬೋರ್ಡು ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು, ಮೌಸಿನಿಂದ ಒತ್ತಬೇಕು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅವರ ಹತ್ತಿರ ಇತ್ತು. ಅದನ್ನು ಹಚ್ಚಿದೆವು. ಚೌಕಗಳಿಗೆ ಹೆಸರೇ ಕೊಟ್ಟಿರಲಿಲ್ಲವಾದ್ದರಿಂದ ಅದು "ಬಟನ್... ಬಟನ್... ಬಟನ್..." ಎಂದು ಶುರುಮಾಡಿತು. ಅವರು ತಲೆ ಓರೆಮಾಡಿ ಕೇಳುತ್ತಾ ಕೂತರು.

"ಏನಮ್ಮಾ, ಇದಕ್ಕೆ ಬರೋದು ಒಂದೇ ಮಾತಾ?"

ಇಬ್ಬರೂ ನಕ್ಕೆವು. ಆದರೆ ನನಗೆ ಒಳಗೇ ನಾಚಿಕೆಯಾಯಿತು. ಆ ಆಸ್ಪತ್ರೆಯ ಆಪರೇಟರಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು, ಕಾಗದಪತ್ರಗಳೆಲ್ಲ ಸಹಿಯಾಗುವವರೆಗೂ ನಮ್ಮ ಕಂಪನಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯವರಿಗೆ ಗೊತ್ತಿತ್ತು, ಹೇಳಬೇಕು ಅಂತ ಅನ್ನಿಸಿರಲಿಲ್ಲ.

ಎರಡು ವಾರ ಅದರ ಹಿಂದೆ ಬಿದ್ದೆ. ಕೊನೆಗೆ ನಮ್ಮ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಫೋನ್ ಸಿಕ್ಕಿತು. ಬದಿಗೆ ಎರಡು ಸಾಲು ಒತ್ತುಗುಂಡಿಗಳಿದ್ದದ್ದು. ಅದನ್ನು ಸರ್ವರ್‌ಗೆ ಸೇರಿಸಿ, ಒಂದೊಂದು ಗುಂಡಿಗೆ ಒಂದೊಂದು ವಾರ್ಡು ಕೊಟ್ಟೆ. ಹೊರಗಿನ ಕರೆಗೆ ಒಂದು ರಿಂಗು, ಒಳಗಿನದಕ್ಕೆ ಇನ್ನೊಂದು, ತುರ್ತು ಚಿಕಿತ್ಸೆಯದಕ್ಕೆ ಬೇರೆಯೇ. ಗುಂಡಿಗಳೆಲ್ಲ ನುಣುಪು, ಬೆರಳಿಗೆ ಗುರುತು ಸಿಗುತ್ತಿರಲಿಲ್ಲ. ನನ್ನ ಬ್ಯಾಗಿನಲ್ಲಿ ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರಿನ ಹಾಳೆಯೊಂದಿತ್ತು. ಉಬ್ಬಿದ ವೆಲ್ವೆಟ್ ಬೊಟ್ಟುಗಳು. ತುರ್ತು ಚಿಕಿತ್ಸೆಗೆ ದೊಡ್ಡದು, ಹೆರಿಗೆ ವಾರ್ಡಿಗೆ ಉದ್ದನೆಯದು, ಆಂಬುಲೆನ್ಸಿಗೆ ಎರಡು ಚಿಕ್ಕವು. ಅವರು ಬೆರಳಾಡಿಸಿ ನೋಡಿ, "ಫೋನಿಗೆ ಅರಿಶಿನ ಕುಂಕುಮ ಕೊಟ್ಬಿಟ್ಯಲ್ಲಮ್ಮಾ," ಅಂದರು. ಅವತ್ತಿನಿಂದ ನನ್ನನ್ನು 'ನೀನು' ಅನ್ನತೊಡಗಿದರು.

ಒಂದು ಭಾನುವಾರ ಬೆಳಗ್ಗೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಚಾಲೂ ಮಾಡಿದೆವು. ನಾನು ಇಡೀ ದಿನ ಅವರ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಒಂದು ಕರೆ ಬಂತು. ಒಬ್ಬ ಗಂಡಸು, ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಅಳುತ್ತಲೇ ಕೂಗುತ್ತಿದ್ದ. ತಲಘಟ್ಟಪುರದ ಕಡೆಯವನು. ತಾಯಿ ಬಚ್ಚಲಲ್ಲಿ ಬಿದ್ದಿದ್ದಾರೆ, ಮಾತಿಲ್ಲ. ಅಡ್ರೆಸ್ ಹೇಳಲು ಬಾಯಿ ಬರುತ್ತಿಲ್ಲ.

"ಅಣ್ಣಾ, ಕೂಗ್ಬೇಡಿ. ನಾನಿದೀನಿ, ಲೈನ್ ಕಟ್ ಮಾಡಲ್ಲ. ಮನೆ ಮುಂದೆ ನಿಂತ್ಕೊಂಡ್ರೆ ಎದುರಿಗೆ ಏನು ಕಾಣುತ್ತೆ? ಅದಷ್ಟೇ ಹೇಳಿ."

ಆತ ಹಿಟ್ಟಿನ ಗಿರಣಿ ಅಂದ. ಗಿರಣಿ ಪಕ್ಕ ಏನು? ನೀರಿನ ಟ್ಯಾಂಕು. ಹಾಗೆ ಒಂದೊಂದೇ ಕೇಳುತ್ತಾ, ಇನ್ನೊಂದು ಕೈಯಲ್ಲಿ ಎರಡು ಚಿಕ್ಕ ಬೊಟ್ಟಿನ ಗುಂಡಿ ಒತ್ತಿ ಆಂಬುಲೆನ್ಸಿನವನಿಗೆ ದಾರಿ ಹೇಳಿ, ಮತ್ತೆ ಈತನ ಕಡೆ ಬಂದು, ಅಮ್ಮನನ್ನು ಒಂದು ಮಗ್ಗುಲಿಗೆ ಮಲಗಿಸಲು ಹೇಳಿ, ಗಾಡಿಯ ಸದ್ದು ಆ ಕಡೆಯಿಂದ ಕೇಳುವವರೆಗೂ ಮಾತಾಡುತ್ತಲೇ ಇದ್ದರು. ನನ್ನ ಪರದೆಯ ಮೇಲೆ ಆ ಕರೆಯ ಸಾಲು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿತ್ತು. ಆಪರೇಟರ್ ಒಂದು ಕರೆಗೆ ಒಂದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡರೆ ಕೆಂಪು. ಆ ಮಿತಿಯನ್ನು ಇಟ್ಟವಳು ನಾನೇ. ಎಲ್ಲ ಕಡೆಯೂ ಅಷ್ಟೇ ಇಡುತ್ತಿದ್ದೆ.

ಆ ತಾಯಿ ಉಳಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ...

ಪ್ರತಿ ತಿಂಗಳೂ ಒಂದು ವರದಿ ಕಳಿಸುವುದು ನಮ್ಮ ಕರಾರಿನಲ್ಲಿತ್ತು. ಸರ್ವರೇ ತಯಾರಿಸುತ್ತದೆ, ನಾನು ಸಹಿ ಹಾಕಿ ಕಳಿಸಬೇಕು. ಅದರಲ್ಲಿ ಆಪರೇಟರ್ ಸಾರ್ ಒಂದು ಸಾಲು. ಒಂದು ಕರೆಗೆ ಎಷ್ಟು ಹೊತ್ತು, ಅಷ್ಟರಲ್ಲಿ ಕಾದು ಕಾದು ಫೋನ್ ಇಟ್ಟವರು ಎಷ್ಟು ಜನ. ಆ ಸಾಲು ಪ್ರತಿ ತಿಂಗಳೂ ಕೆಂಪಾಗಿರುತ್ತಿತ್ತು. ಒಂದು ವರ್ಷದ ಮೇಲೆ ಆಡಳಿತಾಧಿಕಾರಿ ನನ್ನನ್ನು ಕರೆಸಿದರು. ಮೇಜಿನ ಮೇಲೆ ಹನ್ನೆರಡು ವರದಿಗಳು, ಹನ್ನೆರಡರಲ್ಲೂ ನನ್ನ ಸಹಿ.

"ನಿಮ್ಮ ರಿಪೋರ್ಟೇ ಹೇಳ್ತಿದೆಯಲ್ಲ ಮೇಡಂ. ಅಪಾಯಿಂಟ್‌ಮೆಂಟಿಗೆ ಒಂದು ಒತ್ತಿ, ಲ್ಯಾಬಿಗೆ ಎರಡು ಒತ್ತಿ ಅಂತ ಹಾಕ್ಬಿಡಿ. ಎಲ್ಲಾ ಕಡೆ ಅದೇ ಇರೋದು."

ಆ ಕರೆಗಳು ಯಾಕೆ ಉದ್ದ ಎಂದು ಅವತ್ತು ನಾನು ಹೇಳಬಹುದಿತ್ತು. ಆಫೀಸಿಗೆ ಬಂದು ಒಂದು ಟಿಪ್ಪಣಿ ಬರೆದೆ ಕೂಡ. ನಮ್ಮ ಬಾಸ್ ಓದಿ, "ಕೇಳಿದ್ದನ್ನ ಮಾಡಿಕೊಡೋದು ನಮ್ಮ ಕೆಲ್ಸ. ಅವರ ಸ್ಟಾಫ್ ವಿಷ್ಯ ನಮಗ್ಯಾಕೆ?" ಅಂದರು. ಆ ವಾರ ಇನ್ನೂ ಮೂರು ಕಡೆ ಕೆಲಸವಿತ್ತು, ಸುಸ್ತಾಗಿತ್ತು. ಟಿಪ್ಪಣಿ ಅಳಿಸಿದೆ.

ವಿಷಯವನ್ನು ಆಪರೇಟರ್ ಸಾರ್‌ಗೆ ನಾನೇ ಹೋಗಿ ಹೇಳಿದೆ. ಇನ್ನು ಮೇಲೆ ಹೊರಗಿನ ಕರೆಗಳನ್ನೆಲ್ಲ ಮೊದಲು ಸರ್ವರೇ ಎತ್ತುತ್ತದೆ, ಎಂಟು ಆಯ್ಕೆಗಳಾದ ಮೇಲೆ, ಕೊನೆಯಲ್ಲಿ, ಸೊನ್ನೆ ಒತ್ತಿದರೆ ನೀವು ಸಿಗುತ್ತೀರಿ ಅಂದೆ. ಅವರು ಬೈಯಲಿಲ್ಲ. ರಿಸೀವರಿನ ಸುರುಳಿ ವೈರನ್ನು ಬೆರಳಿಗೆ ಸುತ್ತುತ್ತಾ ಬಿಡಿಸುತ್ತಾ ಕೂತಿದ್ದರು.

"ಒಂದು ಮಾಡಮ್ಮಾ. ಸೊನ್ನೆ ಮೊದಲು ಹೇಳ್ಸು. ಗಾಬರಿಯಾದೋರು ಎಂಟು ಕೇಳೋವರ್ಗೂ ಕಾಯಲ್ಲ, ಫೋನ್ ಇಟ್ಬಿಡ್ತಾರೆ."

ಯಾರನ್ನೂ ಕೇಳದೆ ಹಾಗೆಯೇ ಮಾಡಿದೆ. ನನ್ನ ಕೆಲಸದಲ್ಲಿ ಒಪ್ಪಿಗೆಯಿಲ್ಲದೆ ನಾನು ಮಾಡಿದ್ದು ಅದೊಂದೇ ಇರಬೇಕು. 'ನಮಸ್ಕಾರ, ತುರ್ತು ಸಹಾಯಕ್ಕೆ ಸೊನ್ನೆ ಒತ್ತಿ' ಎಂದೇ ಶುರುವಾಗುತ್ತಿತ್ತು. ಜನ ಒತ್ತಿದರು. ತುರ್ತಿದ್ದವರೂ ಒತ್ತಿದರು, ಇಲ್ಲದವರೂ ಒತ್ತಿದರು; ಬನಶಂಕರಿಯಿಂದ ಯಾವ ಬಸ್ಸು ಹಿಡಿಯಬೇಕು ಎಂದು ಕೇಳುವವರೂ. ನಾಲ್ಕು ತಿಂಗಳು ಅವರ ಕೋಣೆ ಮೊದಲಿನ ಹಾಗೇ ಇತ್ತು. ಆಮೇಲೆ ನನ್ನ ವರದಿಯೇ ಅದನ್ನೂ ಹೇಳಿತು. ಸೊನ್ನೆಗೆ ಇಷ್ಟೊಂದು ಕರೆ ಯಾಕೆ ಎಂದು ಆಡಳಿತಾಧಿಕಾರಿ ಕೇಳಿದರು, ನಮ್ಮ ಬಾಸಿಗೆ ಪತ್ರ ಬರೆದರು. ನಾನು ಕ್ಷಮೆ ಕೇಳಿ ಸೊನ್ನೆಯನ್ನು ಕೊನೆಗೆ ಹಾಕಿದೆ. ಐದು ನಿಮಿಷದ ಕೆಲಸ.

ನಂತರ ಆ ಫೋನು ದಿನಕ್ಕೆ ಹತ್ತು ಸಲ ರಿಂಗಾದರೆ ಹೆಚ್ಚು. ಅವರನ್ನು ಮುಂಬಾಗಿಲ ವಿಚಾರಣೆ ಕೌಂಟರಿಗೆ ಹಾಕಿದರು. ಜನ ಚೀಟಿ ತಂದು ಮುಂದೆ ಹಿಡಿಯುತ್ತಿದ್ದರು. ಅವರು "ಓದಿ ಹೇಳಿ" ಅನ್ನುತ್ತಿದ್ದರು. ಸರ್ವರ್ ನೋಡಲು ಹೋದಾಗಲೆಲ್ಲ ಅವರನ್ನು ದೂರದಿಂದಲೇ ನೋಡಿ ಲಿಫ್ಟಿನ ಕಡೆ ತಿರುಗಿಬಿಡುತ್ತಿದ್ದೆ. ಅವರಿಗೆ ಕಾಣುವುದಿಲ್ಲವಲ್ಲ... ಬರೆಯುವುದಕ್ಕೂ ಕಷ್ಟವಾಗುವ ಮಾತು, ಆದರೆ ಹಾಗೇ ಮಾಡಿದೆ.

ಕೆಲವು ತಿಂಗಳಾದ ಮೇಲೆ ಅವರು ಕೆಲಸ ಬಿಟ್ಟರು. ಹೋಗುವ ದಿನ ನನಗೆ ಫೋನ್ ಮಾಡಿದ್ದರು. ತಮ್ಮ ಮೊಬೈಲ್ ನಂಬರ್ ಕೊಟ್ಟರು, ಎರಡು ಸಲ ಹೇಳಿಸಿ ಸರಿಯಾಗಿ ಬರೆದುಕೊಂಡೆನಾ ಎಂದು ನೋಡಿದರು. "ಗಿರಿನಗರಕ್ಕೆ ಬಾ, ತಂಗಿ ಚೆನ್ನಾಗಿ ಕಾಫಿ ಮಾಡ್ತಾಳೆ," ಅಂದರು. ಬರ್ತೀನಿ ಸಾರ್, ಖಂಡಿತ ಬರ್ತೀನಿ ಅಂದೆ. ಆಮೇಲೆ ಈ ವಾರ, ಮುಂದಿನ ವಾರ ಅನ್ನುತ್ತಾ ವರ್ಷಗಳು ಹೋದವು.

ಹೋದ ತಿಂಗಳು ಆ ವಾಸನೆ ಹೊಡೆದ ಮೇಲೆ ಬಂದ ಮೊದಲ ಶನಿವಾರ ಗಿರಿನಗರಕ್ಕೆ ಹೋದೆ. ಮೊದಲು ಫೋನ್ ಮಾಡಲು ಧೈರ್ಯವಾಗಲಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಕಣ್ಣು ಕಾಣದ ಆಪರೇಟರ್ ಸಾರ್ ಮನೆ ಎಂದು ಕೇಳಿದ್ದಕ್ಕೆ ಒಬ್ಬರು ತಕ್ಷಣ ತೋರಿಸಿದರು. ಬಾಗಿಲು ತೆಗೆದವರು ತಂಗಿ. ಒಳಗೆ ಗೋಡೆಯ ಮೇಲೆ ಫೋಟೋ, ಅದಕ್ಕೆ ಹಾರ.

ಹೋಗಿ ಹತ್ತು ತಿಂಗಳಾಯಿತಂತೆ. ಹೃದಯದ ತೊಂದರೆ. ಮೂರು ದಿನ ಆಸ್ಪತ್ರೆಯಲ್ಲಿದ್ದರಂತೆ, ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲಲ್ಲ, ಬೇರೆ ಕಡೆ. ನಾನು ಯಾರೆಂದು ಹೇಳಿದೆ. ಆಕೆಯ ಮುಖ ಅರಳಿತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಓ, ಫೋನಿಗೆ ಬೊಟ್ಟು ಇಟ್ಟೋರಾ! ಬನ್ನಿ, ಕೂತ್ಕೊಳ್ಳಿ. ಅಣ್ಣ ನಿಮ್ಮ ವಿಷ್ಯ ತುಂಬಾ ಹೇಳೋನು."

ಕಾಫಿ ಕೊಟ್ಟರು. ನಿಜವಾಗಿಯೂ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿಕೊಂಡು, ಇಷ್ಟು ವರ್ಷ ಬರಲಾಗಲಿಲ್ಲ, ಒಂದು ಫೋನ್ ಕೂಡ ಮಾಡಲಿಲ್ಲ, ತಪ್ಪಾಯಿತು ಅಂದೆ. ಆಕೆ ಲೋಟ ತೆಗೆದುಕೊಳ್ಳುತ್ತಾ ಸಮಾಧಾನದ ದನಿಯಲ್ಲಿ ಹೇಳಿದರು: "ಅಯ್ಯೋ, ಬಿಡಿ. ನಾನೂ ಒಂದೆರಡು ಸಲ ಅಂದಿದ್ದೆ, ಆ ಹುಡುಗಿ ಫೋನೇ ಮಾಡಲ್ವಲ್ಲ ಅಂತ. ಅಣ್ಣ ಬೈದ ನನಗೆ. ಅವಳಿಗೆ ಕೈ ತುಂಬ ಕೆಲ್ಸ ಕಣೆ, ಬಿಡುವೇ ಇರಲ್ಲ ಅಂದ."

ಹೌದು ಎಂದು ತಲೆಯಾಡಿಸಿದೆ. ಗೇಟು ಹಾಕಿಕೊಂಡು ರಸ್ತೆಗೆ ಬಂದೆ. ಶನಿವಾರ ನಮ್ಮ ಆಫೀಸಿಗೆ ರಜೆ. ಇಷ್ಟು ವರ್ಷವೂ ರಜೆಯೇ ಇತ್ತು.