ಕೈಯಲ್ಲಿ ಏನಿದೆ ಎಂದು ಕೇಳುವ ಅಲಾರಂ ಅಕ್ಕ

ಬೆಳಗಿನ ಐದೂ ಇಪ್ಪತ್ತು. ಅಡುಗೆಮನೆಯ ದೀಪ ಬಿಟ್ಟರೆ ಮನೆಯಿಡೀ ಕತ್ತಲು. ಐವತ್ತು ದಾಟಿದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತು ಫೋನು ಹಚ್ಚುತ್ತಾರೆ. ಅತ್ತಲಿಂದ ನಿದ್ದೆಗಣ್ಣಿನ ಹಲೋ ಬಂದಕೂಡಲೇ ಒಂದೇ ಪ್ರಶ್ನೆ: "ಕೈಯಲ್ಲಿ ಏನಿದೆ?"

"ಬ್ರಷ್ಷು ಅಕ್ಕಾ."

"ಚೆನ್ನಾಗಿ ಉಜ್ಜಿ. ಆಮೇಲೆ ಒಂದು ಲೋಟ ನೀರು ಕುಡೀರಿ." ಮುಂದಿನ ನಂಬರು.

ಇವರು ಆಸ್ಪತ್ರೆಯೊಂದರಲ್ಲಿ ತಂಬಾಕು ಬಿಡಿಸುವ ಆಪ್ತಸಮಾಲೋಚಕಿ. ಎಕ್ಸ್‌ರೇ ಕೋಣೆಯ ಪಕ್ಕ, ಹಿಂದೆ ಮುರಿದ ಗಾಲಿಕುರ್ಚಿಗಳನ್ನು ತುಂಬಿಡುತ್ತಿದ್ದ ಜಾಗದಲ್ಲಿ ಇವರ ಮೇಜಿದೆ. ಆದರೆ ಅಸಲಿ ಕೆಲಸ ನಡೆಯುವುದು ಈ ಸ್ಟೂಲಿನ ಮೇಲೆ. ಹಾಸಿಗೆ ಬಿಟ್ಟ ಐದೇ ನಿಮಿಷಕ್ಕೆ ಸಿಗರೇಟು ಹಚ್ಚುವವರಿಗೆ ದಿನದ ಮೊದಲನೆಯದನ್ನು ದಾಟುವುದೇ ಕಷ್ಟ. ಹಾಗಾಗಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೋ ಅಷ್ಟು ಹೊತ್ತಿಗೇ ಇವರ ಫೋನು. ರೋಗಿಗಳು ಇಟ್ಟ ಹೆಸರು ಅಲಾರಂ ಅಕ್ಕ. ದಿನಕ್ಕೆ ಹನ್ನೊಂದು ಕರೆ, ಹತ್ತು ವರ್ಷದಿಂದ, ಭಾನುವಾರವೂ ತಪ್ಪದೆ. ಇದನ್ನು ಮಾಡಿ ಎಂದು ಇವರಿಗೆ ಯಾರೂ ಹೇಳಿಲ್ಲ.

"ಬೆಳಗ್ಗೆ ಎದ್ದು ಹನ್ನೊಂದು ಜನ ಗಂಡಸರ ಹತ್ರ ಮಾತಾಡ್ತಾಳೆ. ನನ್ನ ಸರದಿ ಏಳು ಗಂಟೆ ಮೇಲೆ," ಎಂದು ಕಾಫಿ ತಂದಿಟ್ಟ ಗಂಡ ನಗುತ್ತಾರೆ.

ಸೋಲಿನ ಲೆಕ್ಕವನ್ನೂ ಅಕ್ಕ ಮುಚ್ಚಿಡುವುದಿಲ್ಲ. "ಹತ್ತರಲ್ಲಿ ಆರೇಳು ಜನ ಮತ್ತೆ ಶುರು ಮಾಡ್ತಾರೆ. ಮಾಡ್ಲಿ, ಮತ್ತೆ ಬರ್ಲಿ. ನಾಲ್ಕನೇ ಸಲಕ್ಕೆ ಬಿಟ್ಟೋರೂ ಬಿಟ್ಟೋರೇ ಅಲ್ವಾ?"

ಮೊದಲ ವರ್ಷ ಇಷ್ಟು ತಾಳ್ಮೆ ಇರಲಿಲ್ಲ. ಒಬ್ಬ ಎಲೆಕ್ಟ್ರಿಷಿಯನ್‌ಗೆ, "ಸೇದಿದ್ರಾ? ಮಕ್ಕಳ ಮುಖ ನೋಡಿ ನಾಚಿಕೆ ಆಗಲ್ವಾ?" ಎಂದು ಬೈದುಬಿಟ್ಟರು. ಆತ ಫೋನಿಟ್ಟವರು ಮತ್ತೆ ಎತ್ತಲೇ ಇಲ್ಲ, ಆಸ್ಪತ್ರೆಯ ಕಡೆ ತಲೆಯೂ ಹಾಕಲಿಲ್ಲ. "ಅವತ್ತಿಂದ ಸೇದಿದ್ರಾ ಅಂತ ಯಾರನ್ನೂ ಕೇಳಿಲ್ಲ. ಹಾಗೆ ಕೇಳಿದ್ರೆ ಸುಳ್ಳು ಹೇಳ್ತಾರೆ. ಕೈಯಲ್ಲಿ ಏನಿದೆ ಅಂದ್ರೆ ಸುಮ್ನೆ ಹೇಳ್ತಾರೆ."

ಐದೂ ನಲವತ್ತಕ್ಕೆ ವೆಲ್ಡರ್ ಒಬ್ಬರ ಸರದಿ. ಕಾಲಿನ ರಕ್ತನಾಳ ಕಟ್ಟಿಕೊಂಡಿದೆ. ಆರು ವಾರ ಸಿಗರೇಟು ಮುಟ್ಟದಿದ್ದರೆ ಮಾತ್ರ ಆಪರೇಷನ್ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ, ತಡವಾದರೆ ಪಾದ ಉಳಿಯುವುದಿಲ್ಲ. ಆ ಆರು ವಾರ ಇವತ್ತಿಗೆ ಮುಗಿಯುತ್ತದೆ, ನಾಳೆ ಆಪರೇಷನ್.

ಫೋನು ಬ್ಯುಸಿ. ಮತ್ತೆ ಮಾಡುತ್ತಾರೆ, ಮತ್ತೆ ಬ್ಯುಸಿ. ಅಕ್ಕನ ಮುಖ ಸಣ್ಣದಾಗುತ್ತದೆ. "ವೆಲ್ಡಿಂಗ್ ಷೆಡ್ಡಿನವರು ಇಷ್ಟೊತ್ತಿಗೇ ಫೋನ್ ಮಾಡಿ ಅವರನ್ನ ಸೇದೋಕೆ ಕರೀತಿದ್ರು," ಎನ್ನುತ್ತಾರೆ. ಕಾಫಿ ಆರಿಹೋಗುತ್ತದೆ. ಪತ್ರಿಕೆಗೆಂದು ಬರೆದುಕೊಳ್ಳುತ್ತಿದ್ದ ನಾನೂ ಪೆನ್ನು ಕೆಳಗಿಡುತ್ತೇನೆ.

ಐದೂ ಐವತ್ತೆರಡಕ್ಕೆ ಅತ್ತಲಿಂದಲೇ ಕರೆ.

"ಕೈಯಲ್ಲಿ ಏನಿದೆ?"

"ಫೋನು ಅಕ್ಕಾ, ಇನ್ನೇನೂ ಇಲ್ಲ. ನಮ್ಮ ಭಾಮೈದ ಇದ್ದಾನಲ್ಲ, ಷೆಡ್ಡಲ್ಲಿ ನನ್ನ ಜೊತೆ ಕೆಲಸ ಮಾಡೋನು, ಅವನಿಗೆ ಮಾಡಿದ್ದೆ. ನಾನೂ ಹಂಗೇ ಕೇಳ್ದೆ, ಕೈಯಲ್ಲಿ ಏನಿದೆ ಅಂತ."

"ಏನಂದ್ರು?"

"ಹಿಗ್ಗಾಮುಗ್ಗಾ ಬೈದ. ಹತ್ತು ನಿಮಿಷ ಬೈದ. ಆದ್ರೆ ಫೋನಿಡೋವರೆಗೂ ಹಚ್ಚಲಿಲ್ಲ ಅಕ್ಕಾ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. ಮುಂದಿನ ನಂಬರಿಗೆ ಕೈಹಾಕುತ್ತಲೇ ನನ್ನ ಕಡೆ ತಿರುಗುತ್ತಾರೆ.

"ಪೇಪರಲ್ಲಿ ನನ್ನ ಫೋಟೊ ಗೀಟೊ ಬೇಡ. ಅವರು ಭಾಮೈದನಿಗೆ ಫೋನ್ ಮಾಡಿದ್ರು ಅಂತ ಬರೀರಿ, ಸಾಕು."