ಎರಡು ತಂಡದ ಶರಣಪ್ಪ

ಶರಣಪ್ಪ ಮೊದಲ ಸಲ ಕಂಡಾಗಲೇ ನನ್ನನ್ನು “ಅವ್ವಾ” ಎಂದು ಕರೆದ. ಹಾಗಾಗಿ ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಗದಗಿನವನು, ಎಂಜಿನಿಯರು, ಕೆಲಸ ಇಲ್ಲೇ ಅಮೆರಿಕದ ಸ್ಯಾನ್ ಮಟಿಯೋದಲ್ಲಿ. ಊರಲ್ಲಿ ಕ್ರಿಕೆಟ್ ಆಡಿ ಪಳಗಿದ ತೋಳು. ನಮ್ಮ ಕನ್ನಡ ಕೂಟದವರು ಇಲ್ಲಿಯ ಲೀಗಿನಲ್ಲಿ ಬೇಸ್‌ಬಾಲ್ ಆಡಲು ಹೊರಟಾಗ ಚೆಂಡು ಎಸೆಯುವ ಕೆಲಸ ಅವನ ಪಾಲಿಗೆ ಬಂತು. ತಂಡದ ಕ್ಯಾಪ್ಟನ್ ನನ್ನ ಅಳಿಯ ರಘೋತ್ತಮ. ಮಗಳು ವಸುಧಾ ನನ್ನನ್ನೂ ಕ್ಯಾಂಪ್‌ಬೆಲ್ಲಿನ ಮೈದಾನಕ್ಕೆ ಕರೆದೊಯ್ದು ಮಡಚುವ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಆಟದ ಲೆಕ್ಕ ತಿಳಿಯಲು ನನಗೆ ಒಂದು ಬೇಸಿಗೆಯೇ ಹಿಡಿಯಿತು. ಆದರೆ ಶರಣಪ್ಪ ಎಸೆದರೆ ಎದುರಿನವನ ದೊಣ್ಣೆ ಬರೀ ಗಾಳಿ ಬೀಸುತ್ತದೆ ಎಂಬುದು ಯಾರಿಗಾದರೂ ಕಾಣುತ್ತಿತ್ತು.

ಎಂಬತ್ತನಾಲ್ಕರಲ್ಲಿ ಕೂಟ ಕಪ್ ಗೆದ್ದಿತು. ಮರುವರ್ಷ ಮತ್ತೆ ಫೈನಲ್ ತಲುಪಿತು. ಅಲ್ಲೇ ಎಲ್ಲ ಕೆಟ್ಟಿದ್ದು.

ಒಬ್ಬ ಆಟಗಾರ ಒಂದೇ ತಂಡಕ್ಕೆ ಆಡಬೇಕು ಎಂಬುದು ಲೀಗಿನ ನಿಯಮ. ಶರಣಪ್ಪ ಮೊದಲಿನಿಂದಲೂ ಎರಡಕ್ಕೆ ಆಡುತ್ತಿದ್ದ, ಶನಿವಾರ ಆಫೀಸಿನ ತಂಡಕ್ಕೆ, ಭಾನುವಾರ ನಮಗೆ. ಲೀಗಿನಲ್ಲಿ ಸ್ಯಾನ್ ಮಟಿಯೋ ಕಡೆಯ ಊರುಗಳ ತಂಡಗಳದೊಂದು ಗುಂಪು, ನಮ್ಮ ಕಡೆಯದೊಂದು ಗುಂಪು. ಫೈನಲ್ ಬಿಟ್ಟರೆ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಆಫೀಸಿನವರಿಗೆ ಅವನು ಹೊಸಮನಿ, ಅದು ಅವನ ಮನೆತನದ ಅಡ್ಡಹೆಸರು. ನಾವು ಮೈಸೂರಿನ ಕಡೆಯವರು. ಹೆಸರಿನ ಮುಂದೆ ಊರಿನದೋ ಅಪ್ಪನದೋ ಒಂದು ಅಕ್ಷರ ಸಿಕ್ಕಿಸಿದರೆ ಮುಗಿಯಿತು, ಅಡ್ಡಹೆಸರು ಕೇಳುವ ರೂಢಿಯೇ ಇಲ್ಲ. ಅವನು ಗದಗಿನವನೆಂದು ಅಳಿಯ ಜಿ. ಶರಣಪ್ಪ ಅಂತ ಲೀಗಿಗೆ ಹೆಸರು ಕೊಟ್ಟುಬಿಟ್ಟಿದ್ದರು. ಅವನು ತಿದ್ದಲಿಲ್ಲ. ನಿಯಮ ಅವನಿಗೆ ಗೊತ್ತಿತ್ತು. ವಾರದಲ್ಲಿ ಎರಡು ದಿನ ಚೆಂಡು ಹಿಡಿಯುವ ಆಸೆಗೆ ಸುಮ್ಮನಿದ್ದ.

ಎಂಬತ್ತೈದರ ಫೈನಲ್ಲಿಗೆ ನಮ್ಮೆದುರು ಬಂದದ್ದು ಅವನ ಆಫೀಸಿನ ತಂಡವೇ. ಬೆಳಗ್ಗೆ ಅವನು ಫೋನು ಮಾಡಿ, ಮೈ ನೆಟ್ಟಗಿಲ್ಲ, ಬರುವುದಿಲ್ಲ ಎಂದ. ಆಫೀಸಿಗೂ ಅದನ್ನೇ ಹೇಳಿದ್ದನಂತೆ. ಇನ್ನೊಬ್ಬ ಕಾಲು ಉಳುಕಿಸಿಕೊಂಡಿದ್ದರಿಂದ ಅವನಿಲ್ಲದೆ ನಮ್ಮವರು ಎಂಟೇ ಜನ; ಆಟಕ್ಕೆ ಒಂಬತ್ತು ಜನ ಬೇಕು, ಇಲ್ಲದಿದ್ದರೆ ಆಡದೆಯೇ ಸೋತಂತೆ. ಅಳಿಯ ಬಹಳ ಹೊತ್ತು ಬೇಡಿಕೊಂಡರು. ಕೊನೆಗೆ ಅವನು ಬಂದ, ನಮ್ಮ ಹಳದಿ ಕೆಂಪು ಅಂಗಿಯಲ್ಲೇ. ಮೊದಲ ಚೆಂಡು ಕೈಬಿಡುವ ಮೊದಲೇ ಆಚೆ ಬೆಂಚಿನಿಂದ ಅವನ ಮ್ಯಾನೇಜರು ಎದ್ದು ನಿಂತು “ಹೊಸಮನಿ?” ಎಂದರು.

ಹಿಂದಿನ ವರ್ಷದ ಕಪ್ಪನ್ನೂ ಲೀಗಿನವರು ವಾಪಸು ತೆಗೆದುಕೊಂಡರು. ಒಂದು ವರ್ಷ ಕೂಟ ಆಡುವ ಹಾಗಿಲ್ಲ ಎಂದರು. ಶರಣಪ್ಪ ಅಲ್ಲಿಂದಾಚೆಗೆ ಕೂಟದ ಯುಗಾದಿಗೂ ಬರಲಿಲ್ಲ.

ಎಂಬತ್ತೆಂಟರಲ್ಲಿ ಕೂಟಕ್ಕೆ ಹತ್ತು ವರ್ಷ ತುಂಬಿತು. ರಾಜ್ಯೋತ್ಸವದ ದಿನ ಒಳ್ಳೆಯ ಆಟಗಾರರಿಗೆ ಶಾಲು ಹೊದಿಸಿ, ಸಭಾಂಗಣದ ಗೋಡೆಗೆ ಅವರ ಫೋಟೋ ಹಾಕಬೇಕೆಂದು ಮಾತಾಯಿತು. ಆ ವಾರವೇ ಗ್ರೋಸರಿ ಅಂಗಡಿಯಲ್ಲಿ ಶರಣಪ್ಪ ಸಿಕ್ಕಿದ. ನನ್ನ ಚೀಲ ಕಾರಿನಲ್ಲಿಟ್ಟು, ಹೋಗದೆ ಹಾಗೇ ನಿಂತ.

“ಫೋಟೋ ಹಾಕ್ತಾರಂತಲ್ರಿ ಅವ್ವಾ. ನಂದು ಹಾಕಂಗಿಲ್ಲೇನ್ರಿ?”

ಕೇಳಿ ಹೇಳುತ್ತೇನೆ ಎಂದೆ.

ಮೀಟಿಂಗು ನಮ್ಮ ಮನೆಯಲ್ಲೇ ನಡೆಯಿತು. ಶರಣಪ್ಪನ ಹೆಸರು ಬಂದಾಗ ದ್ವಾರಕಾನಾಥ ಖಡಾಖಂಡಿತವಾಗಿ ಬೇಡವೆಂದರು. ಅವರೂ ಆ ತಂಡದಲ್ಲಿ ಆಡಿದವರು.

“ಅವನೊಬ್ಬನೇ ಆಡಿದ್ನಾ? ಕಪ್ ಹಿಡ್ಕೊಂಡು ಫೋಟೋ ತೆಗೆಸಿ ನಮ್ಮಪ್ಪಂಗೆ ಕಳಿಸಿದ್ದೆ. ಫ್ರೇಮು ಹಾಕಿಸಿದಾರೆ ಪಾಪ. ಅವರಿಗೆ ಈಗ ಏನಂತ ಹೇಳ್ಲಿ?”

ಅದೂ ನಿಜವೇ. ಅಳಿಯಂದಿರದೂ ಅದೇ ಮಾತು, ಇಂಥವನಿಗೆ ಶಾಲು ಹೊದಿಸಿದರೆ ಮಕ್ಕಳು ಏನು ಕಲಿಯುತ್ತಾರೆ ಎಂದರು. ಕಾಫಿ ತಂದ ವಸುಧಾ ತಟ್ಟೆ ಹಿಡಿದೇ ನಿಂತಳು.

“ಫೈನಲ್ ದಿನ ಅವರು ಬರಲ್ಲ ಅಂದಿದ್ರು. ಬರಲೇಬೇಕು ಅಂತ ಜೀವ ತಿಂದಿದ್ದು ನೀವೇ ಅಲ್ವಾ? ಸಿಕ್ಕಿಬೀಳ್ತೀನಿ ಅಂತ ಗೊತ್ತಿದ್ದೂ ಬಂದ್ರು. ನೀವು ಎಂಟು ಜನ ಅಂತ.”

ಅಳಿಯ ಕಾಫಿ ತೆಗೆದುಕೊಂಡರು, ಕುಡಿಯಲಿಲ್ಲ. ಫೋಟೋ ಹಾಕೋಣ, ಆದರೆ ಹೋದ ಕಪ್ಪಿನ ಸುದ್ದಿ ಎತ್ತುವುದು ಬೇಡ, ಅವನ ಎಸೆತಕ್ಕೆ ಮಾತ್ರ ಮರ್ಯಾದೆ ಎಂದರು. ಹೆಚ್ಚಿನವರು ಕೈಯೆತ್ತಿದರು, ದ್ವಾರಕಾನಾಥ ಎತ್ತಲಿಲ್ಲ. ನನ್ನ ಮನಸ್ಸಿಗೆ ಅಳಿಯ ಹೇಳಿದ್ದು ಸರಿಯೆನಿಸಿತು. ಅವನು ಮಾಡಿದ ಮೋಸ ಸುಳ್ಳಲ್ಲ; ಎಸೆದ ಚೆಂಡಿನಲ್ಲಿ ಮೋಸ ಇರಲಿಲ್ಲ.

ಮೀಟಿಂಗಿನಲ್ಲಿ ನಡೆದ ಮಾತನ್ನೆಲ್ಲ, ದ್ವಾರಕಾನಾಥರ ಅಪ್ಪನ ಫ್ರೇಮಿನದೂ ಸೇರಿ, ನಾನೇ ಶರಣಪ್ಪನಿಗೆ ಫೋನಿನಲ್ಲಿ ಹೇಳಿದೆ. ರಾಜ್ಯೋತ್ಸವದ ದಿನ ಅವನು ಬಂದು ಕೊನೆಯ ಸಾಲಿನಲ್ಲಿ ಕೂತ. ಹೆಸರು ಕರೆದಾಗ ಅರ್ಧ ಸಭೆ ಚಪ್ಪಾಳೆ ತಟ್ಟಿತು. ಅಳಿಯ ಶಾಲು ಹೊದಿಸಿದರು. ದ್ವಾರಕಾನಾಥ ಕೈ ಕಟ್ಟಿಕೊಂಡೇ ಕೂತಿದ್ದರು. ವೇದಿಕೆ ಇಳಿದ ಶರಣಪ್ಪ ತನ್ನ ಜಾಗಕ್ಕೆ ಹೋಗದೆ ನೇರ ಅವರ ಬಳಿಗೆ ಬಂದ. ನಾನು ಹಿಂದಿನ ಕುರ್ಚಿಯಲ್ಲಿದ್ದೆ.

“ಚಪ್ಪಾಳಿ ಹೊಡಿಲಿಲ್ಲ ನೀವು. ತಪ್ಪಿಲ್ಲ ಬಿಡ್ರಿ. ನಿಮ್ಮ ಅಪ್ಪಾರಿಗೆ ನಾನ ಕಾಗದ ಬರೀತೀನಿ, ನನ್ನಿಂದ ಕಪ್ ಹೋತು ಅಂತ.”

ದ್ವಾರಕಾನಾಥ ಅವನ ಮುಖ ನೋಡಲಿಲ್ಲ. “ಏನೂ ಬರೀಬೇಡ,” ಎಂದರು. “ಫ್ರೇಮು ಹಾಗೇ ಇರ್ಲಿ.”

ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೋಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಶರಣಪ್ಪ ಅಲ್ಲಿ ಕೂತ.