ಖಾಲಿ ಚಮಚದ ಉಪ್ಪು

ಬೆಳಗ್ಗೆ ಹನ್ನೊಂದಕ್ಕೆ ಲೀಮಾ ನಗರದ ಆ ಹೋಟೆಲಿನ ಅಡುಗೆಮನೆ ಉಸಿರು ಬಿಗಿಹಿಡಿಯುತ್ತದೆ. ರೇಡಿಯೋ ಆರಿಸುತ್ತಾರೆ. ಅರವತ್ಮೂರು ವರ್ಷದ ಯಜಮಾನ ಕುನಿಹಿರೊ ಇಸೊಬೆ ಕಣ್ಣು ಮುಚ್ಚಿ, ಸುಶಿ ಅನ್ನಕ್ಕೆ ಬೆರೆಸುವ ವಿನೆಗರ್ ನೀರನ್ನು ಒಂದು ತೊಟ್ಟು ನಾಲಿಗೆಗೆ ಹಾಕಿಕೊಳ್ಳುತ್ತಾರೆ. ಆರು ಊರಿನ ಆರು ಹೋಟೆಲುಗಳು ನಿಂತಿರುವುದೇ ಆ ನಾಲಿಗೆಯ ಮೇಲೆ ಎಂದು ಪತ್ರಿಕೆಯೊಂದು ಬರೆದಿತ್ತು. ಆ ಬರಹಕ್ಕೆ ಚೌಕಟ್ಟು ಹಾಕಿಸಿ ಕೈತೊಳೆಯುವ ತೊಟ್ಟಿಯ ಮೇಲೆ ನೇತುಹಾಕಿದ್ದಾರೆ, ಯಾರೂ ಓದದೆ ತಪ್ಪಿಸಿಕೊಳ್ಳಬಾರದೆಂದು.

"ಚಿಟಿಕೆ ಉಪ್ಪು," ಎನ್ನುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಅನ್ನ ಬೇಯಿಸುತ್ತಿರುವ ಹೆರ್ಮೆಲಿಂದಾ ಬೆನ್ನು ತಿರುಗಿಸಿ, ಡಬ್ಬಿ ತೆಗೆದು, ಚಮಚ ಆಡಿಸಿ ಕಲಕುತ್ತಾಳೆ. ಇಸೊಬೆ ಮತ್ತೆ ರುಚಿ ನೋಡಿ ತಲೆದೂಗುತ್ತಾರೆ. ರೇಡಿಯೋ ಹಾಡತೊಡಗುತ್ತದೆ.

ಈ ಶನಿವಾರ ಅವಳ ಕೊನೆಯ ದಿನ. ಮಂಡಿ ಸವೆದಿತ್ತು, ಹುವಾಂತಾ ಊರಿನ ತಂಗಿಯ ಮನೆಗೆ ಹೊರಟಿದ್ದಳು. ಮುಂದಿನ ವಾರ ಬೊಗೊಟಾದಲ್ಲಿ ಏಳನೆಯ ಹೋಟೆಲು ತೆರೆಯಬೇಕು. ವಿಮಾನ ಹತ್ತಿ ಇಳಿದು, ಫೋಟೋಗಳಿಗೆ ನಕ್ಕು ನಕ್ಕು ಇಸೊಬೆ ಹಣ್ಣಾಗಿದ್ದರು. ಆದರೆ ಅವರನ್ನು ಕೊರೆಯುತ್ತಿದ್ದದ್ದು ಬೇರೆ. ಮೂರು ವರ್ಷದಿಂದ ಅವರ ನಾಲಿಗೆಗೆ ಉಪ್ಪು ತಿಳಿಯುತ್ತಿರಲಿಲ್ಲ. ಅಂದಾಜಿನಲ್ಲೇ ನಡೆಯುತ್ತಿದೆ ಎಂದುಕೊಂಡಿದ್ದರು. ಹೋದ ಚಳಿಗಾಲ ಹೆರ್ಮೆಲಿಂದಾ ಒಂದು ವಾರ ಮಲಗಿದಾಗ ಅನ್ನದ ತಟ್ಟೆಗಳು ಮೇಜಿನಿಂದ ವಾಪಸ್ಸು ಬಂದವು. ಅಂದಿನಿಂದ ಅವಳ ಚಮಚದ ಮೇಲೆ ಅನುಮಾನ.

ಶನಿವಾರ ಮಧ್ಯಾಹ್ನ ಹೆರ್ಮೆಲಿಂದಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಮುಸುಕಿನ ಜೋಳದ ತೆನೆ ತಿನ್ನುತ್ತಿದ್ದಳು. ಇಸೊಬೆ ಬಂದು ನಿಂತರು.

"ಇನ್ನೊಂದು ವರ್ಷ ಇರಿ, ದೋನ್ಯಾ ಹೆರ್ಮೆಲಿಂದಾ."

"ನನ್ನ ಮಂಡೀನ ಕೇಳಿ, ದೋನ್ ಕುನಿ. ಅದು ಒಪ್ಪಿದ್ರೆ ನಂದೇನೂ ಇಲ್ಲ."

"ನಾನು ಉಪ್ಪು ಅಂದಾಗ ಎಷ್ಟು ಹಾಕ್ತಿದ್ರಿ?"

ಅವಳು ನಿಧಾನವಾಗಿ ಅಗಿದಳು. "ಏನೂ ಇಲ್ಲ. ಖಾಲಿ ಚಮಚ. ನೀವು ಬರೋಕ್ ಮುಂಚೇನೇ ಸರಿ ಮಾಡಿಟ್ಟಿರ್ತೀನಲ್ಲ."

"ಯಾವಾಗಿಂದ?"

"ನೀವು ಸೂಪಿಗೆ ಸೋಯಾ ಸಾಸು ಸುರ್ಕೊಂಡು ಕುಡಿಯೋಕೆ ಶುರು ಮಾಡಿದಾಗಿಂದ."

"ಹೇಳಬಹುದಿತ್ತಲ್ಲ."

"ಅಷ್ಟು ಭಕ್ತಿಯಿಂದ ಕಣ್ಮುಚ್ಚಿ ನಿಂತೋರಿಗೆ ಹೇಗ್ ಹೇಳ್ಲಿ? ಪೂಜೆ ಮಾಡ್ತಿರೋ ಪಾದ್ರಿಗೆ ಪ್ಯಾಂಟಿನ ಜಿಪ್ಪು ಬಿಚ್ಚಿದೆ ಅಂದಂಗಾಗ್ತದೆ."

"ಇನ್ಯಾರಿಗೆ ಗೊತ್ತು?"

"ಪೇಪರಿನೋರನ್ನ ಬಿಟ್ಟು ಎಲ್ರಿಗೂ."

ಇಸೊಬೆಗೆ ನಾಚಿಕೆಯಾಗಬೇಕಿತ್ತು. ಅದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. ಅವಳ ಪಕ್ಕ ಕುಕ್ಕರಿಸಿದರು. ಅವಳು ಅರ್ಧ ತೆನೆ ಮುರಿದು, ಮೇಲೊಂದು ಚೀಸಿನ ತುಂಡಿಟ್ಟು ಕೊಟ್ಟಳು.

"ಉಪ್ಪಾಗಿದೆಯಾ?" ಎಂದು ಕೇಳಿದರು.

"ಸ್ವಲ್ಪ ಜಾಸ್ತೀನೇ ಇದೆ."

ಅವಳ ಮಾತು ನಂಬಿ ತಿಂದರು.

ಸೋಮವಾರ ಹನ್ನೊಂದಕ್ಕೆ ಮುಂಚೆ ಹೊಸ ಅಡುಗೆಯವಳಾದ ಬಾಸಿಲಿಯಾಳನ್ನು ಇಸೊಬೆ ತಾವೇ ಮೂಲೆಗೆ ಕರೆದೊಯ್ದರು. ಬೆನ್ನು ತಿರುಗಿಸಿ, ಡಬ್ಬಿ ತೆಗೆದು, ಖಾಲಿ ಚಮಚ ಆಡಿಸಿ ತೋರಿಸಿದರು.

"ಮೊದಲೇ ರುಚಿ ನೋಡಿ ಸರಿ ಮಾಡಿಡಿ. ಆಮೇಲೆ ನಾನು ಉಪ್ಪು ಅಂದಾಗ, ಹೀಗೆ. ಮಣಿಕಟ್ಟು ಸಡಿಲವಾಗಿರಲಿ."

ಬಾಸಿಲಿಯಾ ಎರಡು ಸಲ ಮಾಡಿ ನೋಡಿದಳು. "ನೀವು ಸುಮ್ನೆ ಸರಿಯಾಗಿದೆ ಅಂದ್ಬಿಟ್ರೆ ಆಗಲ್ವಾ, ದೋನ್ ಕುನಿ?"

ಇಸೊಬೆ ಯೋಚಿಸಿದರು. ನಿಜಕ್ಕೂ ಹಾಗೆ ಅಂದುಬಿಟ್ಟರೆ ಅದೆಷ್ಟು ಹಗುರ.

"ಯಜಮಾನ ಏನೂ ತಪ್ಪು ಹಿಡೀದಿದ್ರೆ ಜನಕ್ಕೆ ಅನುಮಾನ ಬರ್ತದೆ," ಎಂದರು.

ಅಷ್ಟರಲ್ಲಿ ಯಾರೋ ರೇಡಿಯೋ ಆರಿಸಿದರು. ಇಸೊಬೆ ನಿಟ್ಟುಸಿರುಬಿಟ್ಟು, ಸೊಂಟಕ್ಕೆ ಕೈಕೊಟ್ಟು ಒಲೆಯ ಕಡೆ ನಡೆದರು.